ಮೇಲೆ ಹಗ್ಗ ಹಿಡಿದವನು

ಹಳೆಯ ಬಾವಿಗಳ ಹೂಳೆತ್ತುವ ಓಬಣ್ಣನಿಗೆ ಸುತ್ತಲ ಏಳೆಂಟು ಊರುಗಳಲ್ಲಿ ಹೆಸರಿತ್ತು. ಮೂವತ್ತು ವರ್ಷಗಳಿಂದ ಅವನು ಬಾವಿಯ ಕಟ್ಟೆಯ ಮೇಲೆ ನಿಂತು ಹಗ್ಗ ಹಿಡಿದವನು. ಆ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಇಳಿದವರಲ್ಲಿ ಒಬ್ಬನೂ ಸತ್ತಿರಲಿಲ್ಲ. ಹೆಚ್ಚಾಗಿ ಇಳಿಯುತ್ತಿದ್ದವನು ಅವನ ತಮ್ಮ ಪಾಲಯ್ಯ.

ಹಳೇ ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಎಷ್ಟೋ ಸಲ ಮೂಗಿಗೂ ತಿಳಿಯುವುದಿಲ್ಲ. ಅದಕ್ಕೇ ಮೊದಲು ಲಾಟೀನು ಇಳಿಬಿಡುತ್ತಾರೆ. ದೀಪ ಆರಿದರೆ ಅವತ್ತು ಯಾರೂ ಇಳಿಯುವಂತಿಲ್ಲ. ದೀಪ ಉರಿದರೂ ಓಬಣ್ಣನ ಅಪ್ಪ ಹಾಕಿಕೊಟ್ಟ ಇನ್ನೊಂದು ಕಟ್ಟಳೆ ಇತ್ತು. ಕೆಳಗಿರುವವನನ್ನು ಚೆನ್ನಾಗಿದ್ದೀಯಾ ಎಂದು ಕೇಳಬಾರದು. ಕೆಟ್ಟ ಗಾಳಿಗೆ ಮೊದಲು ಮಂಕಾಗುವುದು ತಲೆ. ಸಾಯುತ್ತಿರುವವನೂ ಚೆನ್ನಾಗಿದ್ದೀನಿ ಎಂದೇ ಅನ್ನುತ್ತಾನೆ. ಅದರ ಬದಲು ಆಗಾಗ, ಬೆಳಗ್ಗೆ ಏನು ತಿಂದೆ ಎಂದು ಕೇಳಬೇಕು. ಉತ್ತರ ತಡವಾದರೆ, ತಪ್ಪಾಗಿ ಬಂದರೆ, ಅವನು ಬೇಡವೆಂದರೂ ಬೈದರೂ ಮೇಲಕ್ಕೆ ಎಳೆದುಬಿಡಬೇಕು. ಹಾಗೆ ಎಳೆಸಿಕೊಂಡು ಬಂದವನನ್ನು ಯಾರೂ ಗೇಲಿ ಮಾಡಬಾರದು. ಓಬಣ್ಣ ಈ ಕಟ್ಟಳೆಯನ್ನು ಒಂದು ದಿನವೂ ಮೀರಿರಲಿಲ್ಲ.

ಒಂದು ವರ್ಷ ಸಂಕ್ರಾಂತಿ ಕಳೆದ ಮೇಲೆ ಪಾಲಯ್ಯ ಕುಗ್ಗತೊಡಗಿದ. ಕಾರಣ ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ. ಮನೆಯಲ್ಲಿ ಜಗಳವಿಲ್ಲ, ಮೈಯಲ್ಲಿ ಜ್ವರವಿಲ್ಲ. ಆದರೂ ಮುದ್ದೆಯನ್ನು ತಟ್ಟೆಯಲ್ಲಿ ಹಾಗೇ ಬಿಟ್ಟು ಎದ್ದುಹೋಗುತ್ತಿದ್ದ. ಮೂರು ಮೂರು ದಿನ ಸ್ನಾನವಿಲ್ಲ, ನಿದ್ದೆಯಂತೂ ಹತ್ತಿರ ಸುಳಿಯುತ್ತಿರಲಿಲ್ಲ. ಊರಿನ ಕೋಲಾಟದ ಮೇಳದಲ್ಲಿ ಅವನಿಲ್ಲದೆ ಹೆಜ್ಜೆ ಬೀಳುತ್ತಿರಲಿಲ್ಲ. ಈಗ ಮೇಳದವರು ಕರೆಯಲು ಬಂದರೆ ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ.

ಅವನ ಹೆಂಡತಿ ಮಾರಕ್ಕ ಗಾಬರಿಯಾಗಿ ಓಬಣ್ಣನ ಬಳಿ ಬಂದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೈಗಳ್ಳತನ, ನಾಲ್ಕು ದಿನ ಮೈಮುರಿದು ದುಡಿದರೆ ತಾನೇ ಸರಿಹೋಗುತ್ತಾನೆ ಎಂದ. ಹದಿನೈದು ದಿನ ಬಿಟ್ಟು ಅವಳು ಮತ್ತೆ ಬಂದಳು. ನಾನಿದ್ದು ಯಾರಿಗೆ ಏನು ಉಪಯೋಗ ಎನ್ನುತ್ತಿದ್ದಾರೆ, ಬಾವ, ಎಂದಳು. ಆಗ ಓಬಣ್ಣ ತಮ್ಮನನ್ನು ಜಗಲಿಗೆ ಕರೆಸಿ ಏನಾಗಿದೆ ಎಂದು ಕೇಳಿದ.

"ಏನೂ ಆಗಿಲ್ಲಣ್ಣ. ಚೆನ್ನಾಗೇ ಇದೀನಿ," ಎಂದ ಪಾಲಯ್ಯ.

ಓಬಣ್ಣನಿಗೆ ಅಷ್ಟೇ ಬೇಕಿತ್ತು. ಎದೆಯ ಮೇಲಿನ ಭಾರ ಇಳಿಸಿಕೊಂಡು ಊಟಕ್ಕೆ ಎದ್ದ.

ಮೂರನೇ ಸಲ ಮಾರಕ್ಕ ಬಂದಾಗ ಒಂದು ದಾರಿಯನ್ನೂ ತಿಳಿದುಕೊಂಡೇ ಬಂದಿದ್ದಳು. ತಿಂಗಳಿಗೊಂದು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಾರೆಂದು ಆಶಾ ಕಾರ್ಯಕರ್ತೆ ಹೇಳಿದ್ದಳು. ನನ್ನ ಮಾತಿಗೆ ಅವರು ಏಳುವುದಿಲ್ಲ, ಅಣ್ಣ ಕರೆದರೆ ಬರುತ್ತಾರೆ, ನೀವೊಂದು ಸಲ ಕರೆದುಕೊಂಡು ಹೋಗಿ ಎಂದು ಬೇಡಿಕೊಂಡಳು. ಓಬಣ್ಣ ಸಿಡುಕಿದ. ಅವನ ಮಗಳಿಗೆ ಗಂಡು ಗೊತ್ತಾಗುತ್ತಿದ್ದ ಸಮಯ ಅದು. ಹುಡುಗಿಯ ಚಿಕ್ಕಪ್ಪ ತಲೆಗೆ ಮದ್ದು ಮಾಡಿಸುತ್ತಿದ್ದಾನೆ ಎಂದು ಗಂಡಿನ ಕಡೆಯವರ ಕಿವಿಗೆ ಬಿದ್ದರೆ? ನಮ್ಮ ವಂಶದಲ್ಲಿ ಯಾರಿಗೂ ಹುಚ್ಚಿಲ್ಲ ಎಂದು ಹೇಳಿ ಅವಳನ್ನು ಕಳಿಸಿಬಿಟ್ಟ. ಓಬಣ್ಣ ಕೆಟ್ಟವನಲ್ಲ, ತಮ್ಮನೆಂದರೆ ಪ್ರಾಣ. ಆದರೆ ಒಳ್ಳೆಯವರು ತಪ್ಪು ಮಾಡುವಾಗ ತಡೆಯುವವರು ಕಡಿಮೆ, ಅದೇ ತೊಂದರೆ.

ಮರುವಾರ ಪಕ್ಕದೂರಿನ ಬಾವಿಯೊಂದರ ಕೆಲಸ ಬಂತು. ಓಬಣ್ಣ ತಮ್ಮನನ್ನು ಎಬ್ಬಿಸಿಕೊಂಡೇ ಹೋದ. ಲಾಟೀನು ಇಳಿಬಿಟ್ಟರು, ದೀಪ ನೆಟ್ಟಗೆ ಉರಿಯಿತು. ಪಾಲಯ್ಯ ಇಳಿದ. ಸ್ವಲ್ಪ ಹೊತ್ತಿಗೆ ಓಬಣ್ಣ ಬಗ್ಗಿ, ಬೆಳಗ್ಗೆ ಏನು ತಿಂದೆ ಎಂದು ಕೂಗಿದ. ಉತ್ತರವಿಲ್ಲ. ಮತ್ತೆ ಕೂಗಿದ. ಗೊತ್ತಿಲ್ಲಣ್ಣ ಎಂದು ಒಂದು ಸಣ್ಣ ದನಿ ಬಂತು. ಮೂವತ್ತು ವರ್ಷದ ಅಭ್ಯಾಸ, ಓಬಣ್ಣನ ಕೈ ತಾನಾಗಿಯೇ ಹಗ್ಗ ಎಳೆಯಿತು.

ತಮ್ಮನನ್ನು ಕಟ್ಟೆಯ ಮೇಲೆ ಕೂರಿಸಿ ಲಾಟೀನನ್ನು ಮತ್ತೆ ತಳದವರೆಗೂ ಇಳಿಬಿಟ್ಟು ನೋಡಿದ. ದೀಪ ಅಲುಗಲೂ ಇಲ್ಲ. ಓಬಣ್ಣನಿಗೆ ರೇಗಿಹೋಯಿತು. ಬಾವಿಯ ಯಜಮಾನ, ಕೆಲಸದ ಆಳುಗಳು ಎಲ್ಲರೂ ಸುತ್ತ ನಿಂತಿದ್ದರು.

"ಗಾಳಿ ಸರಿಯಾಗೇ ಐತಲ್ಲೋ. ನಿನಗಿಂತ ಈ ದೀಪಕ್ಕೇ ಧೈರ್ಯ ಜಾಸ್ತಿ ಕಣಲೇ," ಎಂದ.

ಎಲ್ಲರೂ ನಕ್ಕರು. ಪಾಲಯ್ಯನೂ ಒಂದಿಷ್ಟು ನಕ್ಕ. ಆಮೇಲೆ ಅಂಗಿ ಹಾಕಿಕೊಂಡು, ಮನೆಗೆ ಹೋಗುತ್ತೀನಣ್ಣ ಎಂದ. ಓಬಣ್ಣ ಅವನ ಮುಖವನ್ನೂ ನೋಡದೆ ಹೋಗು ಎಂದ. ಲಾಟೀನು ಹೇಳುವುದು ಬಾವಿಯ ಗಾಳಿಯ ಸುದ್ದಿಯನ್ನು ಮಾತ್ರ. ಮನುಷ್ಯನೊಳಗೆ ಏನು ತುಂಬಿಕೊಂಡಿದೆ ಎಂದು ತಿಳಿಯಲು ಅವನ ಪಕ್ಕ ಕೂರಬೇಕಿತ್ತು. ಓಬಣ್ಣ ಇನ್ನೊಬ್ಬನ ಸೊಂಟಕ್ಕೆ ಹಗ್ಗ ಕಟ್ಟಿದ.

ಪಾಲಯ್ಯ ಮನೆ ಸೇರಲಿಲ್ಲ. ಊರೆಲ್ಲ ಹುಡುಕಿತು. ಮರುದಿನ ಬೆಳಗ್ಗೆ ಗುಡ್ಡದ ಬುಡದಲ್ಲಿ ಸಿಕ್ಕ. ತನ್ನ ಜೀವವನ್ನು ತಾನೇ ಕಳೆದುಕೊಂಡಿದ್ದ.

ಮಣ್ಣು ಮಾಡಿ ಬಂದವರ ಮುಂದೆ ಮಾರಕ್ಕ ಅಳಲಿಲ್ಲ. ಓಬಣ್ಣನೆದುರು ಬಂದು ನಿಂತು ಒಂದೇ ಮಾತು ಕೇಳಿದಳು.

"ಬಾವಿಯೊಳಗೆ ಅವ್ರು ಚೆನ್ನಾಗಿದೀನಿ ಅಂದಿದ್ರೆ ನೀವು ನಂಬ್ತಿರ್ಲಿಲ್ಲ. ಜಗಲಿ ಮ್ಯಾಲೆ ಅಂದಾಗ ಯಾಕೆ ನಂಬಿದ್ರಿ ಬಾವ?"

 

ಸುದ್ದಿ ಎಲ್ಲ ಕಡೆ ಹಬ್ಬಿತು. ಆದರೂ ಗಂಡಿನ ಕಡೆಯವರು ಸಂಬಂಧ ಬಿಡಲಿಲ್ಲ. ಅವರ ಮನೆಯ ಹಿರಿಸೊಸೆ ಎರಡು ವರ್ಷದಿಂದ ಅದೇ ಮನಸ್ಸಿನ ಡಾಕ್ಟರ ಮಾತ್ರೆ ತೆಗೆದುಕೊಂಡು ಚೇತರಿಸಿಕೊಂಡಿದ್ದಳು. ಅದನ್ನು ಅವರು ಮುಚ್ಚಿಟ್ಟೂ ಇರಲಿಲ್ಲ, ಯಾರೂ ಕೇಳಿರಲಿಲ್ಲ ಅಷ್ಟೇ. ಇದನ್ನು ಕೇಳಿದ ದಿನ ಓಬಣ್ಣ ಮೂಲೆ ಹಿಡಿದ. ಹಗ್ಗ ಮುಟ್ಟುವುದನ್ನು ಬಿಟ್ಟ. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಹೆಂಡತಿ ಕೇಳಿದರೆ ನನಗೇನಾಗಿದೆ ಎಂದು ಗದರುತ್ತಿದ್ದ.

ಒಂದು ಮಂಗಳವಾರ ಮಾರಕ್ಕ ಬಂದು ಅವನ ಚಪ್ಪಲಿಯನ್ನು ಅವನ ಮುಂದಿಟ್ಟಳು.

"ನಿಮ್ಮ ಮ್ಯಾಲಿನ ಸಿಟ್ಟು ಹೋಗಿಲ್ಲ ಬಾವ, ಹೋಗೋದೂ ಇಲ್ಲ. ಆದ್ರೆ ಈ ಮನೇಲಿ ಇನ್ನೊಬ್ಬರನ್ನ ಕಳಕೊಳ್ಳೋಕೆ ನನ್ನ ಕೈಲಿ ಆಗಲ್ಲ. ಏಳಿ," ಎಂದಳು.

ಅವನು ಬೇಡವೆಂದ. ಅವಳು ಅಲ್ಲೇ ನಿಂತಳು. ಕಡೆಗೆ ಓಬಣ್ಣ ಎದ್ದ.

ಆಸ್ಪತ್ರೆಗೆ ಬಸ್ಸಿನಲ್ಲಿ ಹದಿನೈದೇ ನಿಮಿಷ. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಎಲ್ಲ ಕೇಳಿಸಿಕೊಂಡು, ಇದು ಕಾಯಿಲೆ, ಗುಣವಾಗುವ ಕಾಯಿಲೆ ಎಂದಳು. ಮಾತ್ರೆ ಬರೆದಳು. ಹೊತ್ತಿಗೆ ಸರಿಯಾಗಿ ಮಲಗಬೇಕು, ಬೆಳಗ್ಗೆ ಬಿಸಿಲಲ್ಲಿ ಒಂದಿಷ್ಟು ನಡೆಯಬೇಕು, ಒಬ್ಬನೇ ಕೂತು ಉಣ್ಣಬಾರದು, ಕುಡಿತದ ಕಡೆ ಹೋಗಬಾರದು, ಎದೆಯಲ್ಲಿರುವುದನ್ನು ದಿನಕ್ಕೆ ಒಬ್ಬರ ಹತ್ತಿರವಾದರೂ ಹೇಳಿಕೊಳ್ಳಬೇಕು ಎಂದಳು. ಓಬಣ್ಣ ಚೀಟಿ ಹಿಡಿದು ಕೂತೇ ಇದ್ದ. ನನ್ನ ತಮ್ಮ ಬಂದಿದ್ದರೆ ಅವನಿಗೂ ಇದನ್ನೇ ಹೇಳುತ್ತಿದ್ದಿರಾ ಎಂದು ಕೇಳಿದ.

"ಹೌದು, ಇದನ್ನೇ ಹೇಳ್ತಿದ್ದೆ," ಎಂದಳು ಡಾಕ್ಟರು.

"ಉಳೀತಿದ್ನಾ ತಾಯಿ?"

ಡಾಕ್ಟರು ಸುಳ್ಳು ಹೇಳಲಿಲ್ಲ. "ಖಂಡಿತ ಅಂತ ಹೇಳೋಕಾಗಲ್ಲ. ಆದ್ರೆ ಅವರ ಹಾಗೆ ಬಂದವರು ತುಂಬಾ ಜನ ಉಳಿದಿದಾರೆ."

ಹೊರಗೆ ಬೆಂಚಿನ ಮೇಲೆ ಮಾರಕ್ಕ ಕಾಯುತ್ತಿದ್ದಳು. ಓಬಣ್ಣ ಬಂದು ಅವಳ ಪಕ್ಕ ಕೂತು, ತಮ್ಮ ಸತ್ತ ಮೇಲೆ ಮೊದಲ ಸಲ, ಎಲ್ಲರೆದುರು ಅತ್ತ.

ನೀತಿ: ಮನಸ್ಸಿಗೂ ಕಾಯಿಲೆ ಬರುತ್ತದೆ. ಅದು ಮೈಗಳ್ಳತನವಲ್ಲ, ವಂಶಕ್ಕೆ ಕಳಂಕವೂ ಅಲ್ಲ. ಊಟ, ನಿದ್ದೆ, ನಗು ಬಿಟ್ಟವರು ಬಾಯಲ್ಲಿ ಚೆನ್ನಾಗಿದ್ದೀನಿ ಎಂದರೆ ನಂಬಿ ಎದ್ದುಹೋಗಬೇಡಿ. ಗೇಲಿ ಮಾಡದೆ ಪಕ್ಕ ಕೂತು ಕೇಳಿ, ಬೇಡವೆಂದರೂ ಬಿಡದೆ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಅಂಥವರು ನೀವೇ ಆಗಿದ್ದರೆ, ಇವತ್ತೇ ಒಬ್ಬರಿಗೆ ಹೇಳಿ.