ಜಾಂಬಕ್ಕನ ಜೇನುದತ್ತಿ

ಹೊಲಗಳಿಗೆ ತಾಗಿಕೊಂಡಿದ್ದ ಒಂದು ಕಾಡಿನಲ್ಲಿ ಜಾಂಬಕ್ಕ ಎಂಬ ಕರಡಿ ಇದ್ದಳು. ಅವಳ ಬಂಡೆಯ ತುಂಬ ಜೇನುಗೂಡುಗಳು. ಕಾಡಿಗೆಲ್ಲ ಅವಳೇ ಸಾಹುಕಾರ್ತಿ. ಆದರೆ ಏನು ಬಂತು? ಮನೆಯಲ್ಲಿ ನಗು ಇರಲಿಲ್ಲ. ಕಳ್ಳಬೇಟೆಗಾರರು ಕಾಲುದಾರಿಯಲ್ಲಿ ಹಗ್ಗದ ಉರುಳು ಒಡ್ಡಿ, ಮೇಲೆ ತರಗೆಲೆ ಮುಚ್ಚಿ ಹೋಗುತ್ತಿದ್ದರು. ಅವಳ ಒಬ್ಬನೇ ಮಗ ಕರಿಯ ಅಂಥದ್ದೊಂದು ಉರುಳಿಗೆ ಸಿಕ್ಕಿ ಸತ್ತುಹೋಗಿದ್ದ.

ಅತ್ತು ಅತ್ತು ಕಣ್ಣೀರು ಬತ್ತಿದ ಮೇಲೆ ಜಾಂಬಕ್ಕ ಕಾಡಿನವರನ್ನೆಲ್ಲ ಕರೆದಳು.

“ಹುಲಿರಾಯನಿಗೆ ಅರ್ಜಿ ಕೊಟ್ಟು ಕಾಯೋ ತಾಳ್ಮೆ ನನಗಿಲ್ಲ. ನನ್ನ ಜೇನು, ನನ್ನ ಇಷ್ಟ. ಕರಿಯನ ಹೆಸರಲ್ಲಿ ಒಂದು ದತ್ತಿ ಇಡ್ತೀನಿ. ಉರುಳು ಎಲ್ಲೆಲ್ಲಿದೆ ಅಂತ ಹುಡುಕೋರು ಬೇಕು. ಹುಡುಕಿ ತಿಳಿದಿದ್ದನ್ನ ನಮ್ಮ ಮರಿಗಳಿಗೆ ಕಲಿಸಬೇಕು. ದಿನವಿಡೀ ಹುಡುಕ್ತಾ ಕೂತರೆ ಹೊಟ್ಟೆಪಾಡಿನ ಗತಿ ಏನು ಅಂತೀರಾ? ಅವರ ಊಟ ನನ್ನದು!”

ನರಿಯ ಬಾಯಲ್ಲಿ ನೀರೂರಿತು. ಎಲ್ಲರಿಗಿಂತ ಮೊದಲು ಮುಂದೆ ಬಂದ.

“ಅಕ್ಕಾವ್ರೇ, ಕೊಡೋದಾದ್ರೆ ನನಗೇ ಕೊಡಿ. ಕರಿಯ ನನಗೂ ಮಗನಿದ್ದ ಹಾಗೇ ಅಲ್ವಾ? ಮೂಡಣ ದಾರೀನ ಮೂಸಿ ಮೂಸಿ ನೋಡ್ತೀನಿ.”

ಮಗನ ಹೆಸರು ಕೇಳಿ ಜಾಂಬಕ್ಕ ಕರಗಿಹೋದಳು. ಜೇನು ನರಿಯ ಪಾಲಾಯಿತು.

ನರಿ ಮೂಡಣ ದಾರಿಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಹೊಟ್ಟೆ ಬಿರಿಯುವಷ್ಟು ಜೇನು ತಿಂದ. ಪೊದೆಯ ನೆರಳಲ್ಲಿ ಗೊರಕೆ ಹೊಡೆದ. ಸಂಜೆ ಏಳುವಾಗ ಕೈಕಾಲಿಗೆ ಒಂದಿಷ್ಟು ಮಣ್ಣು ಮೆತ್ತಿಕೊಂಡ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಈ ಮಹಾಶಯ ಮೊದಲು ಬಾಯಿ ಸಿಹಿ ಮಾಡಿಕೊಂಡು ಆಮೇಲೆ ಕೈ ಕೆಸರು ಮಾಡಿಕೊಳ್ಳುತ್ತಿದ್ದ! ದಿನವೂ ಇದೇ ಆಟ.

ಕೊನೆಗೊಂದು ದಿನ ಜಾಂಬಕ್ಕ ಕೇಳಿದಳು, “ಏನಪ್ಪಾ, ಏನು ಕಂಡೆ?”

“ಮೂಡಣ ದಾರಿ ಬಂಗಾರ, ಅಕ್ಕಾವ್ರೇ! ಒಂದೇ ಒಂದು ಉರುಳೂ ಇಲ್ಲ. ಹುಲ್ಲುಕಡ್ಡಿ ಬಿಡದೆ ನೋಡಿದೀನಿ.”

“ಭಲೇ! ಹಾಗಾದ್ರೆ ನಾಳೆ ಮರಿಗಳಿಗೆ ಅಲ್ಲೇ ಪಾಠ.”

ನರಿ ಲೆಕ್ಕ ಹಾಕಿದ. ನಿಜ ಹೇಳಿದರೆ ಜೇನು ಹೋಗುತ್ತದೆ. ಹೂಂ ಎಂದು ತಲೆಯಾಡಿಸಿದ.

ಬೆಳಿಗ್ಗೆ ಜಿಂಕೆಮರಿ, ಕೋತಿಮರಿ, ಹಂದಿಮರಿ ಎಲ್ಲ ಕುಣಿಯುತ್ತ ಬಂದವು. ನರಿ ಹಲ್ಲು ಗಿಂಜಿದ.

“ಮಕ್ಕಳೇ, ನೀವು ಮುಂದೆ ಓಡಿ. ನಾನು ಹಿಂದಿನಿಂದ ನೋಡ್ಕೋತೀನಿ.”

ಜಿಂಕೆಮರಿ ಜಿಗಿದೇಬಿಟ್ಟಿತು. ಜಾಂಬಕ್ಕ ಬಾಚಿ ಹಿಡಿದಳು.

“ನಿಲ್ಲೇ ಪುಟ್ಟಿ! ಕಲಿಸೋರು ಮುಂದೆ, ಕಲಿಯೋರು ಹಿಂದೆ. ನಡೀರಿ ಮೇಷ್ಟ್ರೇ.”

ನರಿ ನಡೆದ. ಆದರೆ ದಾರಿಯ ಮೇಲಲ್ಲ, ಪಕ್ಕದ ಮುಳ್ಳುಕಂಟಿಯಲ್ಲಿ ಕುಂಟುತ್ತ ನಡೆದ. ಕೋತಿಮರಿ ಕಿಸಕ್ಕೆಂದಿತು.

“ಮೇಷ್ಟ್ರೇ, ದಾರಿ ಬಂಗಾರ ಅಂದ್ರಂತೆ. ಮತ್ತೆ ಮುಳ್ಳಲ್ಲಿ ಯಾಕೆ ಹೋಗ್ತಿದೀರಿ?”

ಮರಿಗಳೆಲ್ಲ ಗೊಳ್ಳೆಂದವು. ಜಾಂಬಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ನರಿಗೆ ಮಾನ ಹೋದಂತಾಯಿತು. “ಇದೋ ನೋಡಿ!” ಎಂದು ಎದೆಯುಬ್ಬಿಸಿ ದಾರಿಗೆ ನೆಗೆದ.

ಸರಕ್! ಹಗ್ಗ ಬಿಗಿಯಿತು. ಮೇಷ್ಟ್ರು ತಲೆಕೆಳಗಾಗಿ ತೂಗಾಡಿದರು.

“ಅಯ್ಯಯ್ಯೋ ಸತ್ತೆ! ಬಿಡಿಸಿ ಅಕ್ಕಾವ್ರೇ!”

ಜಾಂಬಕ್ಕ ಜಿಂಕೆಮರಿಯನ್ನು ಎದೆಗೆ ಅವುಚಿಕೊಂಡಳು.

“ಈ ಉರುಳಲ್ಲಿ ಯಾರಿರಬೇಕಿತ್ತು ಗೊತ್ತೇನೋ? ನನ್ನ ಮಗನ ಹೆಸರಿನ ಜೇನು ತಿಂದು, ಇನ್ನೊಬ್ಬ ತಾಯಿಯ ಮಗುವನ್ನ ಸಾವಿನ ಬಾಯಿಗೆ ಬಿಡ್ತಿದ್ದೆಯಲ್ಲೋ ಪಾಪಿ!”

ಜಾಂಬಕ್ಕ ಹಗ್ಗ ಕಡಿಯಲು ಬಾಯಿ ಹಾಕಿದಳು. ಅಷ್ಟರಲ್ಲಿ ಏನೋ ಯೋಚನೆ ಬಂದು ನಿಂತಳು.

“ಮಕ್ಕಳೇ, ಹತ್ತಿರ ಬನ್ನಿ. ಉರುಳು ಅಂದ್ರೆ ಇದು. ಗಂಟು ಎಲ್ಲಿದೆ ನೋಡಿ. ಸುತ್ತ ಹಸಿ ಹುಲ್ಲು, ಇಲ್ಲಿ ಮಾತ್ರ ಯಾಕೆ ತರಗೆಲೆ? ಯೋಚನೆ ಮಾಡಿ.”

ಮರಿಗಳು ಸುತ್ತ ಕೂತು ಕಣ್ಣರಳಿಸಿ ನೋಡಿದವು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದವು. ಯಾರಿಗೂ ಅವಸರ ಇರಲಿಲ್ಲ, ನರಿಯೊಬ್ಬನನ್ನು ಬಿಟ್ಟು! ಪಾಠ ಮುಗಿದ ಮೇಲೆಯೇ ಜಾಂಬಕ್ಕ ಹಗ್ಗ ಕಡಿದಳು. ನರಿ ಕುಂಟಿಕೊಂಡು ಕಾಡು ಬಿಟ್ಟು ಓಡಿದ.

ದತ್ತಿ ನಿಲ್ಲಲಿಲ್ಲ. ಮಾರನೆಯ ದಿನದಿಂದ ಜೇನು ಮುಂಗುಸಿಗೆ ಹೋಯಿತು. ಅವನು ಹುಡುಕಿದ ದಾರಿಯಲ್ಲಿ ಜಾಂಬಕ್ಕ ತಾನೂ ನಡೆದು ನೋಡುತ್ತಿದ್ದಳು. ಆ ವರ್ಷ ಕಾಡಿನ ಯಾವ ತಾಯಿಯೂ ಮರಿಗಾಗಿ ಅಳಲಿಲ್ಲ.

ನೀತಿ: ಒಳ್ಳೆಯ ಕೆಲಸಕ್ಕೆಂದು ಕೊಟ್ಟದ್ದನ್ನು ಉಂಡವನು ಆ ಕೆಲಸ ಮಾಡಲೇಬೇಕು, ಕೊಟ್ಟವನೂ ಕೊಟ್ಟು ಕೈತೊಳೆದುಕೊಳ್ಳದೆ, ಕೆಲಸ ನಡೆಯಿತೇ ಎಂದು ಕಣ್ಣಾರೆ ನೋಡಬೇಕು.