ಬದನೆ ಪಾತಿಯ ಚೆಂಡುಹೂ

ಒಂದು ಊರಂತೆ. ಯಾವ ಊರು ಅಂತ ಕೇಳಬೇಡಿ, ನಂಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಆ ಊರಲ್ಲಿ ಕೆಂಪಾಜಿ ಅನ್ನೋ ಮುದುಕಿ, ಅವಳ ಮಗ ಬೋರ, ಸೊಸೆ ದುಂಡವ್ವ ಇದ್ದರಂತೆ. ಬೋರನ ಬದನೆಕಾಯಿ ಅಂದರೆ ಸುತ್ತ ಏಳೂರಿಗೂ ಆಸೆ. ಅವನು ಒಂದು ಸಾಲು ಬದನೆ ಹಾಕಿದರೆ ಬದಿಗೇ ಒಂದು ಸಾಲು ಚೆಂಡುಹೂ, ಪಾತಿಯ ಮೂಲೆಮೂಲೆಗೆ ಕಾಮಕಸ್ತೂರಿ. "ಇವು ಕಾವಲಿನೋರು ಕಣವ್ವ, ಇವುಗಳ ಘಾಟಿಗೆ ಹುಳ ಹತ್ರ ಸುಳಿಯಾಕಿಲ್ಲ" ಅಂತಿದ್ದನಂತೆ.

ಅಂಥ ಬೋರ ಜ್ವರ ಬಂದು ಸತ್ತೇಹೋದ. ತೋಟದ ಅಂಚಲ್ಲೇ ಮಣ್ಣು ಮಾಡಿದರು. ಮೂರನೇ ದಿನ ಮಗನ ಮಣ್ಣಿನ ಗುಡ್ಡೆಗೆ ಹಾಲುತುಪ್ಪ ಬಿಡೋಕೆ ಹೋದ ಕೆಂಪಾಜಿ ನೋಡ್ತಾಳೆ, ಪಾತಿ ತುಂಬ ಹೂ ಕಳಕಳ ಅಂತಿವೆ. ಮುದುಕಿ ಸಿಟ್ಟಿಂದ ಸೊಸೆಯನ್ನು ಕೂಗಿದಳು.

"ನನ್ ಮಗ ಮಣ್ಣಲ್ಲವ್ನೆ, ಇವುಕ್ಕೆ ನಗು! ಗಂಡ ಸತ್ತೋಳ ತೋಟ್ದಲ್ಲಿ ಹೂವಿದ್ರೆ ಊರೋರು ಏನಂದಾರು? ಕಿತ್ತಾಕು."

"ಅತ್ತೆವ್ವ, ಇವು ನನ್ ಮುಡಿಗಲ್ಲ, ಬದ್ನೆಗೆ" ಅಂದಳು ದುಂಡವ್ವ. ಮುದುಕಿ ಕೇಳಬೇಕಲ್ಲ! ತಾನೇ ಸೀರೆ ಎತ್ತಿಕಟ್ಟಿ, ಹೂವಿನ ಗಿಡಗಳನ್ನೆಲ್ಲ ಕಿತ್ತು ತಿಪ್ಪೆಗೆ ಎಸೆದಳಂತೆ. ಕಾಮಕಸ್ತೂರಿಯನ್ನೂ ಬಿಡಲಿಲ್ಲ.

ಮಾರನೇ ದಿನ ನೀರು ಹಾಯಿಸೋಕೆ ಹೋದರೆ ಬದನೆಗಿಡ ಕೇಳ್ತಂತೆ, "ಅಜ್ಜೀ ಅಜ್ಜೀ, ನಮ್ ಕಾವಲಿನೋರೆಲ್ಲಿ?"

"ಗುಡಿಗೋಗವ್ರೆ, ನೀರು ಕುಡಿ."

ಇನ್ನೊಂದು ದಿನ ಹೋದರೆ ಮತ್ತೆ, "ಅಜ್ಜೀ ಅಜ್ಜೀ, ನಮ್ ಕಾವಲಿನೋರೆಲ್ಲಿ?"

"ನೆಂಟರೂರಿಗೋಗವ್ರೆ, ನೀರು ಕುಡಿ."

ಮತ್ತೊಂದು ದಿನ ಹೋದರೆ ಗಿಡ ಏನೂ ಕೇಳಲಿಲ್ಲ. ಕುಡಿ ಬಾಡಿ ಜೋತುಬಿದ್ದಿತ್ತು. ಕಾಯಿ ಕುಯ್ದರೆ ಒಳಗೆಲ್ಲ ಹುಳು.

ತೋಟ ಹೋಯ್ತು. ಎರಡು ಹೊತ್ತಿನ ಗಂಜಿಗೂ ಗತಿಯಿಲ್ಲ. ಸುದ್ದಿ ಕೇಳಿ ದುಂಡವ್ವನ ಅಣ್ಣ ಗಾಡಿ ಕಟ್ಟಿಕೊಂಡು ಬಂದ. "ತಂಗಿಗಿನ್ನೂ ಚಿಕ್ಕ ವಯಸ್ಸು. ಕರ್ಕೊಂಡೋಗಿ ಇನ್ನೊಂದು ಮನೆಗೆ ಕೊಡ್ತೀವಿ" ಅಂದ.

ದುಂಡವ್ವ ಅತ್ತೆಯ ಮುಖ ನೋಡಿದಳು. "ನೀವು ಇರು ಅಂದ್ರೆ ಇರ್ತೀನಿ ಅತ್ತೆವ್ವ."

ಇರು ಅನ್ನೋ ಮಾತು ಮುದುಕಿಯ ನಾಲಿಗೆ ತುದಿಗೆ ಬಂತಂತೆ. ಇವಳೂ ಹೋದರೆ ತನಗೆ ಯಾರು? ಎದ್ದು ಮಗನ ಗುಡ್ಡೆ ಹತ್ತಿರ ಹೋದಳು. ಅಲ್ಲಿ, ಅವಳ ಕಣ್ಣು ತಪ್ಪಿಸಿ, ಒಂದೇ ಒಂದು ಚೆಂಡುಹೂ ಬಲಿತು ನಿಂತಿತ್ತು. ಬೀಜಕ್ಕೆ ಬಿಟ್ಟುಕೊಂಡರೆ ತೋಟ ಮತ್ತೆ ಏಳುತ್ತೆ, ಸೊಸೇನೂ ಉಳೀತಾಳೆ. ಕೆಂಪಾಜಿ ಅಲ್ಲೇ ಕೂತು ಮನಸಾರೆ ಅತ್ತಳು. ಆಮೇಲೆ ಹೂ ಕಿತ್ತು, ತಂದು, ಸೊಸೆಯ ಮುಡಿಗಿಟ್ಟಳು.

"ನಾನು ತಪ್ಪು ಮಾಡ್ದೆ ಮಗಳೇ. ಮುಡ್ಕೊಂಡು ಹೋಗು. ಯಾರಾರ ಕೇಳಿದ್ರೆ, ನಮ್ಮತ್ತೆನೇ ಮುಡಿಸಿದ್ಲು ಅನ್ನು."

ಗಾಡಿ ಹೋಯ್ತು. ದುಂಡವ್ವ ಹೋದ ಊರಲ್ಲಿ ಆ ಹೂವನ್ನು ಒಣಗಿಸಿ, ಬಿತ್ತಿ, ಮುಂದಿನ ಮಳೆಗಾಲಕ್ಕೆ ಮಡಿಲು ತುಂಬ ಬೀಜ, ಒಂದು ಹಿಡಿ ಬದನೆ ಸಸಿ ಕಟ್ಟಿಕೊಂಡು ಅತ್ತೆಯ ಊರಿಗೆ ಓಡೋಡಿ ಬಂದಳಂತೆ. ಬಂದು ನೋಡಿದರೆ ಬೋರನ ಗುಡ್ಡೆ ಪಕ್ಕ ಇನ್ನೊಂದು ಗುಡ್ಡೆ. ಮಣ್ಣು ಇನ್ನೂ ಹಸಿ. "ಅತ್ತೆವ್ವಾ" ಅಂತ ಅದರ ಮೇಲೆ ಬಿದ್ದು ಗೋಳಾಡಿದಳು. ಕಣ್ಣೀರು ಬತ್ತಿದ ಮೇಲೆ ಎರಡು ಗುಡ್ಡೆಯ ನಡುವೆ ಬದನೆ ನೆಟ್ಟು, ಸುತ್ತ ಹೂ ಬಿತ್ತಿ ಹೋದಳಂತೆ.

ಅವತ್ತಿನಿಂದ ಆ ಊರಲ್ಲಿ ಯಾರ ಮನೇಲಿ ಸಾವಾದರೂ ಪಾತಿಯ ಹೂ ಕೀಳೋದಿಲ್ಲವಂತೆ. ಅವರ ಹೂ ಅವರ ಮಣ್ಣಲ್ಲಿರಲಿ, ಅವರ ಕಥೆ ನಮ್ಮ ನಾಲಿಗೆ ಮೇಲಿರಲಿ.