ಹನ್ನೆರಡನೆಯ ಜೋಡಿ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರಮಾವ ಕೆಂಪಸಿದ್ದಯ್ಯನವರು. ಗದ್ದೆಗೆ ನೀರು ತಿರುಗಿಸಿ ಬಂದು, ಪೂಜೆಗೆ ಕೂರುವ ಮುಂಚೆ ಹೇಳಿದರು.

ನಾಲೆಯ ದಂಡೆಯಲ್ಲಿ ಒಂದು ಭತ್ತದ ತಳಿ ಕೇಂದ್ರ. ಅಲ್ಲಿ ಪುಟ್ಟಮಾದಯ್ಯ ಎಂಬ ಗುರುಗಳು, ಭಾಗೀರಥಿ ಎಂಬ ಶಿಷ್ಯೆ. ಕಿರಿದಾದ ಬದುವಿನ ಮೇಲೆ ಗುರು ಮುಂದೆ, ಶಿಷ್ಯೆ ಹಿಂದೆ. ಆರು ವರ್ಷ ಹಾಗೇ ನಡೆದರು.

ಭಾಗೀರಥಿ ಹೊಸ ವಿದ್ಯೆಯೊಂದನ್ನು ಕಲಿತಳು. ಎಲೆಯ ಚೂರಿನಲ್ಲಿ ಡಿ.ಎನ್.ಎ. ಗುರುತುಗಳನ್ನು ಓದುವುದು, ಯಾವ ತಾಯಿತಳಿಗೆ ಯಾವ ತಂದೆತಳಿ ಸೇರಿದರೆ ಭತ್ತ ಹೆಚ್ಚು ಬಂದೀತೆಂದು ಬೆಳೆಯುವ ಮೊದಲೇ ಹೇಳುವುದು.

ಜೋಡಿಗಳು ನಾನೂರು. ಬೆಳೆದು ನೋಡಲು ಸಿಕ್ಕಿದ್ದು ಗದ್ದೆಯ ಹನ್ನೆರಡೇ ಮಡಿ, ಜೋಡಿಗೊಂದರಂತೆ. ಅಂದಾಜು ಸುಳ್ಳಾದರೆ ಈ ವಿದ್ಯೆಗೆ ಇನ್ನು ಗದ್ದೆಯಿಲ್ಲ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

ಅವಳು ಆರಿಸಿದ ಹನ್ನೆರಡು ಜೋಡಿಗಳ ಪಟ್ಟಿ ತಂದಳು. ಗುರುಗಳ ಬೆರಳು ಹನ್ನೆರಡನೆಯ ಸಾಲಿನ ಮೇಲೆ ನಿಂತಿತು.

“ಇದು ನನ್ನ ಗೌರಿಸಣ್ಣ ಅಲ್ಲವೇನವ್ವ?”

“ಹೌದು ಮೇಷ್ಟ್ರೇ. ಈ ಜೋಡಿಗೆ ಅದೇ ತಂದೆ.”

“ನಿನ್ನ ಲೆಕ್ಕದಲ್ಲಿ ಎಷ್ಟನೆಯದು?”

ಭಾಗೀರಥಿ ತನ್ನ ಕಾಲಿನ ಕೆಸರು ನೋಡಿದಳು.

“ಇನ್ನೂರ ಆರು.”

“ಮತ್ತೆ ಇಲ್ಲಿಗೆ ಹೇಗೆ ಬಂತು? ನಡ್ಕೊಂಡು ಬಂತಾ?”

“ನೀವು ಇಪ್ಪತ್ತು ವರ್ಷ ಕಾಪಾಡಿದ ತಳಿ. ಅದನ್ನ ಬಿಟ್ಟು ಹೇಗೆ ಮೇಷ್ಟ್ರೇ...”

“ಯಾರನ್ನ ಎಬ್ಬಿಸಿ ಇದನ್ನ ಕೂರಿಸಿದೆ?”

“ಒಂದು ಗಿಡ್ಡ ಜೋಡಿ. ಅದರ ಅಪ್ಪ ಅಮ್ಮ ಇಬ್ಬರೂ ನೋಡೋಕೆ ಸೊರಗಿದ ಹಾಗಿದಾರೆ.”

ಗುರುಗಳು ಎದ್ದರು. ಬಿತ್ತನೆಗೆಂದು ಇಟ್ಟಿದ್ದ ಗೌರಿಸಣ್ಣದ ಚೀಲವನ್ನು ಅಡುಗೆಯ ತಿಮ್ಮಕ್ಕನ ಕೈಗಿತ್ತರು.

“ಕುಟ್ಟಿ ಅನ್ನ ಮಾಡಕ್ಕ.”

“ಅಯ್ಯೋ, ಬಿತ್ತನೆ ಭತ್ತ ಅಲ್ವಾ ಬುದ್ಧಿ!”

“ಊಟಕ್ಕೆ ಬಲು ರುಚಿ. ಪಂದ್ಯಕ್ಕಲ್ಲ.”

ಆ ಮಧ್ಯಾಹ್ನ ಇಬ್ಬರೂ ಅದೇ ಅನ್ನ ಉಂಡರು. ಉಂಡ ಮೇಲೆ ಭಾಗೀರಥಿ ತನ್ನ ಕೈಯಾರೆ ಪಟ್ಟಿ ತಿದ್ದಿದಳು.

ಜೋಡಿಗಳನ್ನು ಕೂಡಿಸಿ, ಬೀಜ ಪಡೆದು, ಮರುಹಂಗಾಮಿಗೆ ನಾಟಿ ಹಾಕಿದರು. ಕಟಾವಾಗಿ ಭತ್ತ ತೂಗಿದಾಗ ಎರಡು ಮಡಿ ಅವಳ ಅಂದಾಜಿಗಿಂತ ಹಿಂದೆ ಬಿದ್ದವು. ಹತ್ತು ಹೇಳಿದ ಹಾಗೇ ಬಂದವು. ಗಿಡ್ಡ ಜೋಡಿ ಮೂರನೆಯದಾಗಿ ನಿಂತಿತು. ಗೌರಿಸಣ್ಣ ತನ್ನ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅಷ್ಟು ಕೊಟ್ಟಿರಲಿಲ್ಲ.

ಮುಂದಿನ ನಾಟಿಗೆ ಗದ್ದೆಗೆ ನೀರು ಬಿಟ್ಟಿದ್ದಾಗ ಮೇಲಿನವರು ಬಂದರು. “ಪುಟ್ಟಮಾದಯ್ಯನವರೇ, ಆ ಮಡಿಗಳನ್ನು ತೋರಿಸಿ” ಎಂದರು.

ಎಲ್ಲರೂ ಬದುವಿನ ಬಳಿ ಬಂದರು. ಭಾಗೀರಥಿ ಎಂದಿನಂತೆ ಹಿಂದೆ ಸರಿದಳು.

ಗುರುಗಳು ಪಂಚೆ ಎತ್ತಿಕಟ್ಟಿ, ಬದು ಬಿಟ್ಟು ಕೆಸರಿಗಿಳಿದು ನಿಂತರು.

“ಮುಂದೆ ನಡಿಯವ್ವ. ನಾನು ಹಿಂದೆ ಬರ್ತೀನಿ.”

ನಿಮ್ಮ ಮನೆಯಲ್ಲಿ ಕಲಿಯುವವರಿದ್ದರೆ ಅವರಿಗೂ ಈ ಕಥೆ ಹೇಳಿ. ಕಲಿಸುವವರಿದ್ದರೆ, ಮೊದಲು ಅವರಿಗೆ ಹೇಳಿ.